ರೋಗಿಯ ದೇಹದ ಉಳಿಕೆಗಳು ಮತ್ತು ಸಂಶೋಧನೆಯ ನೀತಿ: ಒಂದು ಐತಿಹಾಸಿಕ ವಿವೇಚನೆ

೧

ಆಸ್ಪತ್ರೆಗೆ ಬಂದ ರೋಗಿಯಿಂದ ವೈದ್ಯರು ಪರೀಕ್ಷೆಗಾಗಿ ರಕ್ತವನ್ನು ತೆಗೆದುಕೊಳ್ಳುತ್ತಾರೆ. ಗಂಟು ಕಾಣಿಸಿಕೊಂಡಲ್ಲಿ ಅದರ ಒಂದು ಚೂರನ್ನು ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಾರೆ. ಕೆಟ್ಟುಹೋದ ಅಂಗವನ್ನು ಶಸ್ತ್ರಕ್ರಿಯೆಯಿಂದ ಬೇರ್ಪಡಿಸುತ್ತಾರೆ. ರೋಗನಿರ್ಣಯವಾದ ತರುವಾಯ ಇವುಗಳಲ್ಲಿ ಒಂದಿಷ್ಟು ಭಾಗ ಉಳಿಯುವುದು ಸಹಜ. ಹೀಗೆ ಉಳಿದುದನ್ನು ಸುಟ್ಟುಹಾಕಬಹುದು, ಹೂಳಬಹುದು. ಅಥವಾ ಫಾರ್ಮಲಿನ್ನಿನಲ್ಲೋ ಮೇಣದ ಅಚ್ಚಿನಲ್ಲೋ ಇರಿಸಿ ಮುಂದೆ ಸಂಶೋಧನೆಗೆ ಬಳಸಿಕೊಳ್ಳಲೂಬಹುದು. ಬಳಸಿಕೊಳ್ಳುವುದಾದರೆ ರೋಗಿಯನ್ನು ಕೇಳಬೇಕೆ? ಕೇಳಬೇಕಾದರೆ ಯಾವಾಗ, ಏನೆಂದು? ಅದರಿಂದ ಲಾಭವುಂಟಾದಲ್ಲಿ ಅದು ಯಾರಿಗೆ ಸೇರತಕ್ಕದ್ದು? ಮೇಲ್ನೋಟಕ್ಕೆ ಇವು ವೈದ್ಯರಿಗೂ ನ್ಯಾಯವಾದಿಗಳಿಗೂ ಸಂಬಂಧಿಸಿದ ಪ್ರಶ್ನೆಗಳೆಂದು ತೋರುತ್ತವೆ. ಆದರೆ ಈ ಪ್ರಶ್ನೆಗಳಿಗೆ ಒಂದು ಇತಿಹಾಸವಿದೆ. ಆ ಇತಿಹಾಸವನ್ನು ಬಿಟ್ಟು ಅವುಗಳನ್ನು ಚರ್ಚಿಸಿದರೆ ತಪ್ಪು ತೀರ್ಮಾನಕ್ಕೆ ಬರುವ ಸಂಭವವುಂಟು. ಆ ಇತಿಹಾಸದ ಕೆಲವು ಮುಖ್ಯ ಘಟ್ಟಗಳನ್ನು ಪರಿಶೀಲಿಸಿ, 'ಉಳಿಕೆ' ಎಂಬ ಮಾತಿನ ಹಿಂದೆ ಅಡಗಿರುವ ಅರ್ಥಗಳನ್ನು ಬಿಡಿಸಿ ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

೨

ರೋಗಿಯ ದೇಹಾಂಶಗಳನ್ನು ಕೂಡಿಡುವ ಪದ್ಧತಿ ಹತ್ತೊಂಬತ್ತನೆಯ ಶತಮಾನದಲ್ಲಿ ಬಲಗೊಂಡಿತು. ರೋಗದ ನೆಲೆಯನ್ನು ಜೀವಕೋಶಗಳಲ್ಲಿ ಹುಡುಕಬೇಕೆಂದು ಬರ್ಲಿನ್ನಿನ ರುಡಾಲ್ಫ್ ವಿರ್ಶೋ ೧೮೫೮ರಲ್ಲಿ ಪ್ರಕಟವಾದ ತನ್ನ ಉಪನ್ಯಾಸಗಳಲ್ಲಿ ಪ್ರತಿಪಾದಿಸಿದನು. ಅಲ್ಲಿಂದ ಮುಂದೆ ಅಂಗಾಂಶದ ಒಂದು ತೆಳ್ಳನೆಯ ಪದರವೂ ಅಮೂಲ್ಯವಾದ ದಾಖಲೆಯಾಯಿತು. ಅಮೆರಿಕದ ಅಂತರ್ಯುದ್ಧದ ನಡುವೆ, ೧೮೬೨ರಲ್ಲಿ, ಅಲ್ಲಿಯ ಸೇನೆಯು ಗಾಯಾಳುಗಳ ಮತ್ತು ಮೃತರ ದೇಹಾಂಶಗಳನ್ನು ಸಂಗ್ರಹಿಸುವುದಕ್ಕಾಗಿ ಒಂದು ವೈದ್ಯಕೀಯ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿತು. ಮುಂದೆ ಅದೇ ಸಶಸ್ತ್ರಪಡೆಗಳ ರೋಗಶಾಸ್ತ್ರ ಸಂಸ್ಥೆಯಾಗಿ ಬೆಳೆಯಿತು.

ಇಂತಹ ಸಂಗ್ರಹಗಳಿಂದ ಮಾನವಕುಲಕ್ಕೆ ಆಗಿರುವ ಉಪಕಾರವನ್ನು ಮೊದಲಿಗೇ ಒಪ್ಪಿಕೊಳ್ಳುವುದು ನ್ಯಾಯ. ೧೯೧೮ರ ಇನ್‌ಫ್ಲುಯೆಂಜಾ ಪಿಡುಗು ಕೋಟಿಗಟ್ಟಲೆ ಜನರನ್ನು ಬಲಿತೆಗೆದುಕೊಂಡಿತು; ನಮ್ಮ ದೇಶದಲ್ಲಿಯೇ ಒಂದು ಕೋಟಿಗೂ ಮಿಕ್ಕಿ ಜನರು ಸತ್ತರು. ಅದಕ್ಕೆ ಕಾರಣವಾದ ವೈರಸ್ಸು ಎಂತಹುದೆಂಬುದು ಬಹುಕಾಲ ನಿಗೂಢವಾಗಿಯೇ ಇತ್ತು. ೧೯೯೭ರಲ್ಲಿ ಜೆಫ್ರಿ ಟಾಬೆನ್‌ಬರ್ಗರ್ ಮತ್ತು ಅವರ ಸಹೋದ್ಯೋಗಿಗಳು ಮೇಲೆ ಹೇಳಿದ ಸೇನಾ ಸಂಗ್ರಹದಲ್ಲಿ, ೧೯೧೮ರಲ್ಲಿ ಸತ್ತ ಸೈನಿಕನ ಶವಪರೀಕ್ಷೆಯ ಕಾಲದಲ್ಲಿ ತೆಗೆದಿರಿಸಿದ್ದ ಶ್ವಾಸಕೋಶದ ತುಣುಕಿನಲ್ಲಿ, ಆ ವೈರಸ್ಸಿನ ಅಂಶಗಳನ್ನು ಪತ್ತೆಮಾಡಿದರು. ಎಂಟು ವರ್ಷಗಳ ತರುವಾಯ, ೨೦೦೫ರಲ್ಲಿ, ಅದರ ಪೂರ್ಣ ರಚನೆ ತಿಳಿದುಬಂತು. ಏಡ್ಸ್ ರೋಗದ ಚರಿತ್ರೆಯೂ ಹೀಗೆಯೇ ಬೆಳಕಿಗೆ ಬಂದಿತು. ೧೯೫೯ರಲ್ಲಿ, ಬೆಲ್ಜಿಯನ್ನರ ಆಳ್ವಿಕೆಯಲ್ಲಿದ್ದ ಕಾಂಗೋ ದೇಶದ ಲಿಯೋಪೋಲ್ಡ್‌ವಿಲ್ ನಗರದಲ್ಲಿ ಬೇರೊಂದು ಅಧ್ಯಯನಕ್ಕಾಗಿ ತೆಗೆದಿದ್ದ ರಕ್ತದಲ್ಲಿ ಎಚ್.ಐ.ವಿ. ಇದ್ದುದು ಖಚಿತವಾಯಿತು. ೧೯೬೦ರಲ್ಲಿ ಅದೇ ನಗರದಲ್ಲಿ ತೆಗೆದು ಮೇಣದಲ್ಲಿ ಇರಿಸಿದ್ದ ದುಗ್ಧಗ್ರಂಥಿಯ ಒಂದು ತುಣುಕನ್ನು ಪರೀಕ್ಷಿಸಿ ೨೦೦೮ರಲ್ಲಿ ಪ್ರಕಟಿಸಿದ ಲೇಖನದಿಂದ, ಆ ವೈರಸ್ಸು ಮನುಷ್ಯರಲ್ಲಿ ಹರಡತೊಡಗಿದುದು ಇಪ್ಪತ್ತನೆಯ ಶತಮಾನದ ಆದಿಭಾಗದಷ್ಟು ಹಿಂದೆಂದು ಊಹಿಸಲು ಸಾಧ್ಯವಾಯಿತು.

ಈ ಸೈನಿಕನನ್ನಾಗಲಿ ಆ ಕಾಂಗೋವಾಸಿಗಳನ್ನಾಗಲಿ ಈ ಸಂಶೋಧನೆಗಳಿಗೆ ಸಮ್ಮತಿ ಕೇಳುವುದು ಯಾರಿಗೂ ಸಾಧ್ಯವಿರಲಿಲ್ಲ. ಟಾಬೆನ್‌ಬರ್ಗರರು ಬಳಸಿದ ವಿಧಾನವೇ ೧೯೧೮ರಲ್ಲಿ ಹುಟ್ಟಿರಲಿಲ್ಲ. ಕೂಡಿಟ್ಟ ಪ್ರತಿಯೊಂದು ತುಣುಕಿಗೂ ಪ್ರತಿಯೊಂದು ಉಪಯೋಗಕ್ಕೂ ಪ್ರತ್ಯೇಕ ಸಮ್ಮತಿ ಬೇಕೆಂದು ಹಟ ಹಿಡಿದಿದ್ದರೆ ಈ ಜ್ಞಾನವು ನಮಗೆ ದೊರೆಯುತ್ತಲೇ ಇರಲಿಲ್ಲ. ಆದ್ದರಿಂದ 'ಕೇಳದೆ ಮುಟ್ಟಲೇಬಾರದು' ಎಂಬ ಸುಲಭವಾದ ಸೂತ್ರವನ್ನು ಮುಂದಿಡುವವರು ಈ ಎರಡು ನಿದರ್ಶನಗಳಿಗೆ ಉತ್ತರ ಹೇಳಬೇಕಾಗುತ್ತದೆ.

೩

ಈಗ ಇದಕ್ಕೆ ಎದುರಾಗಿ ನಿಲ್ಲುವ, ಅತ್ಯಂತ ಪ್ರಸಿದ್ಧವಾದ ನಿದರ್ಶನವನ್ನು ನೋಡೋಣ. ೧೯೫೧ರ ಆರಂಭದಲ್ಲಿ ಹೆನ್ರಿಯೆಟ್ಟ ಲ್ಯಾಕ್ಸ್ ಎಂಬ ಮೂವತ್ತು ವರ್ಷದ ಮಹಿಳೆ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಬಂದಳು. ಆಕೆ ಆಫ್ರಿಕಾ ಮೂಲದ ಅಮೆರಿಕನ್ನಳು. ವರ್ಜೀನಿಯದ ಹೊಗೆಸೊಪ್ಪಿನ ಹೊಲಗಳಲ್ಲಿ ದುಡಿದು ಬೆಳೆದವಳು. ಐದು ಮಕ್ಕಳ ತಾಯಿ. ಬಿಳಿಯರಿಗೂ ಕರಿಯರಿಗೂ ಆ ಆಸ್ಪತ್ರೆಯಲ್ಲಿ ಆಗ್ಗೆ ಬೇರೆ ಬೇರೆ ವಾರ್ಡುಗಳಿದ್ದವು. ಪರೀಕ್ಷೆಯಿಂದ ಗರ್ಭಕಂಠದ ಕ್ಯಾನ್ಸರ್ ಇರುವುದು ಗೊತ್ತಾಯಿತು. ರೇಡಿಯಂ ಚಿಕಿತ್ಸೆಗಾಗಿ ಆಕೆಯನ್ನು ಮಲಗಿಸಿದಾಗ, ಚಿಕಿತ್ಸೆಗೆ ಮೊದಲು, ವೈದ್ಯನು ಗಂಟಿನಿಂದ ಒಂದು ಚೂರನ್ನೂ ಪಕ್ಕದ ಆರೋಗ್ಯವಂತ ಭಾಗದಿಂದ ಇನ್ನೊಂದು ಚೂರನ್ನೂ ಕತ್ತರಿಸಿ ತೆಗೆದು ಜಾರ್ಜ್ ಗೈ ಎಂಬ ವಿಜ್ಞಾನಿಯ ಪ್ರಯೋಗಶಾಲೆಗೆ ಕಳುಹಿಸಿದನು. ಶಸ್ತ್ರಕ್ರಿಯೆಗೆ ಒಪ್ಪಿಗೆ ಕೊಡುವ ಸಾಮಾನ್ಯ ಪತ್ರಕ್ಕೆ ಆಕೆ ಸಹಿ ಹಾಕಿದ್ದಳು. ಸಂಶೋಧನೆಯ ಮಾತನ್ನು ಆಕೆಗೆ ಯಾರೂ ತಿಳಿಸಲಿಲ್ಲ.

ಮಾನವಕೋಶಗಳನ್ನು ದೇಹದ ಹೊರಗೆ ಸತತವಾಗಿ ಬೆಳೆಸಬೇಕೆಂದು ಗೈ ವರ್ಷಾನುಗಟ್ಟಲೆ ಶ್ರಮಿಸಿ ಸೋತಿದ್ದನು. ಈ ಗಂಟಿನ ಕೋಶಗಳು ಮಾತ್ರ ಸಾಯಲಿಲ್ಲ. ಸುಮಾರು ಒಂದು ದಿನಕ್ಕೊಮ್ಮೆ ಇಮ್ಮಡಿಯಾಗುತ್ತ ಬೆಳೆದವು. ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಅವುಗಳನ್ನು 'ಹೀಲಾ' ಎಂದು ಕರೆದರು. ೧೯೫೧ರ ಅಕ್ಟೋಬರ್ ೪ರಂದು ಹೆನ್ರಿಯೆಟ್ಟ ತೀರಿಕೊಂಡಳು. ಆಕೆಯ ಕೋಶಗಳಾದರೋ ಅಂಚೆಯ ಮೂಲಕ ದೇಶದೇಶಗಳಿಗೆ ಹೋದವು. ಪೋಲಿಯೋ ಲಸಿಕೆಯ ಪರೀಕ್ಷೆಗಾಗಿ ಅಲಬಾಮದ ಟಸ್ಕೀಗಿ ಸಂಸ್ಥೆಯಲ್ಲಿ ಅವುಗಳನ್ನು ಬೃಹತ್ ಪ್ರಮಾಣದಲ್ಲಿ ಬೆಳೆಸಲಾಯಿತು. ಅದೇ ಟಸ್ಕೀಗಿಯ ಸುತ್ತಮುತ್ತ, ೧೯೩೨ರಿಂದ ೧೯೭೨ರವರೆಗೆ, ಸಿಫಿಲಿಸ್ ರೋಗಿಗಳಾದ ನೂರಾರು ಮಂದಿ ಕರಿಯ ಗಂಡಸರಿಗೆ ಚಿಕಿತ್ಸೆ ನೀಡದೆ ರೋಗದ ಗತಿಯನ್ನು ಸರ್ಕಾರಿ ವೈದ್ಯರು ಸುಮ್ಮನೆ ವೀಕ್ಷಿಸುತ್ತಿದ್ದರೆಂಬುದನ್ನು ಇತಿಹಾಸದ ವಿದ್ಯಾರ್ಥಿ ಮರೆಯಲಾಗದು.

ಗೈಯ ಬಗ್ಗೆ ನ್ಯಾಯವಾಗಿ ಹೇಳುವುದಾದರೆ, ಆತನು ಈ ಕೋಶಗಳನ್ನು ಮಾರಲಿಲ್ಲ, ಪೇಟೆಂಟ್ ಪಡೆಯಲಿಲ್ಲ, ಕೇಳಿದವರಿಗೆಲ್ಲ ಕೊಟ್ಟನು. ಅವುಗಳಿಂದ ಹಣ ಗಳಿಸಿದವರು ಮುಂದೆ ಬಂದ ವಾಣಿಜ್ಯ ಸಂಸ್ಥೆಗಳವರು. ೧೯೭೦ರಲ್ಲಿ ತನಗೇ ಕ್ಯಾನ್ಸರ್ ಬಂದಾಗ ಶಸ್ತ್ರಕ್ರಿಯೆಯಲ್ಲಿ ತನ್ನ ಗಂಟಿನ ತುಣುಕನ್ನೂ ತೆಗೆದು ಬೆಳೆಸಬೇಕೆಂದು ಆತನು ಸೂಚಿಸಿದ್ದನು. ರೋಗವು ಬಹಳ ಹಬ್ಬಿದ್ದುದರಿಂದ ವೈದ್ಯರು ಹಾಗೆ ಮಾಡಲಿಲ್ಲ. ತಾನು ಹೆನ್ರಿಯೆಟ್ಟಳಿಂದ ತೆಗೆದುಕೊಂಡುದನ್ನೇ ತನ್ನಿಂದಲೂ ಕೊಡಲು ಆತನು ಸಿದ್ಧನಾಗಿದ್ದನು. ವ್ಯತ್ಯಾಸವಿಷ್ಟೇ: ಆತನು ಕೊಡಲು ಮುಂದಾದನು; ಆಕೆಯಿಂದ ತೆಗೆದುಕೊಳ್ಳಲಾಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಉಳಿಕೆಗಳ ಚರ್ಚೆ ಬಂದಾಗಲೆಲ್ಲ ಹೀಲಾ ಕೋಶಗಳನ್ನು ಮೊದಲ ಉದಾಹರಣೆಯಾಗಿ ಕೊಡುವುದು ವಾಡಿಕೆ. ಆದರೆ ಗೈಗೆ ಹೋದ ಚೂರುಗಳು ನಿಜವಾದ ಅರ್ಥದಲ್ಲಿ ಉಳಿಕೆಗಳೇ ಅಲ್ಲ. ರೋಗನಿರ್ಣಯಕ್ಕೆ ಬೇಕಾದ ತುಣುಕನ್ನು ಮೊದಲೇ ತೆಗೆದು ಪರೀಕ್ಷಿಸಿದ್ದಾಗಿತ್ತು. ಎರಡನೆಯ ಸಲ ತೆಗೆದುದು ಸಂಶೋಧನೆಗಾಗಿಯೇ. ಆರೋಗ್ಯವಂತ ಭಾಗದ ಚೂರಂತೂ ಚಿಕಿತ್ಸೆಗೆ ಸಂಬಂಧಪಟ್ಟುದೇ ಅಲ್ಲ. ಉಳಿದುದನ್ನು ಬಳಸುವುದಕ್ಕೂ, ಬಳಸುವುದಕ್ಕೆಂದೇ ಹೆಚ್ಚು ತೆಗೆಯುವುದಕ್ಕೂ ನೀತಿಯ ದೃಷ್ಟಿಯಲ್ಲಿ ಮಹದಂತರವಿದೆ.

೪

'ಆ ಕಾಲದಲ್ಲಿ ಯಾರೂ ಕೇಳುತ್ತಿರಲಿಲ್ಲ. ಇಂದಿನ ಅಳತೆಗೋಲಿನಿಂದ ಅಂದಿನವರನ್ನು ಅಳೆಯಬಾರದು' ಎಂಬ ಸಮಾಧಾನವನ್ನು ಇಲ್ಲಿ ಹೇಳುವುದುಂಟು. ಇತಿಹಾಸಕಾರನಿಗೆ ಈ ಎಚ್ಚರಿಕೆ ಅಗತ್ಯವೇ. 'ತಿಳಿವಳಿಕೆಯುಳ್ಳ ಸಮ್ಮತಿ' ಎಂಬ ಪಾರಿಭಾಷಿಕ ಪದವು ಅಮೆರಿಕದ ನ್ಯಾಯಾಲಯದ ತೀರ್ಪಿನಲ್ಲಿ ಕಾಣಿಸಿಕೊಂಡುದು ೧೯೫೭ರಲ್ಲಿ. ಉಚಿತ ಚಿಕಿತ್ಸೆ ಪಡೆಯುವ ಬಡರೋಗಿಗಳನ್ನು ಸಂಶೋಧನೆಗೆ ಬಳಸಿಕೊಳ್ಳುವುದು ತಪ್ಪಲ್ಲವೆಂಬ ಭಾವನೆಯೂ ಆ ಕಾಲದ ಅನೇಕ ವೈದ್ಯರಲ್ಲಿತ್ತು. ಆದರೆ 'ಯಾರೂ ಕೇಳುತ್ತಿರಲಿಲ್ಲ' ಎಂಬ ಮಾತು ನಿಜವೆ?

ಅದೇ ೧೯೫೧ರಲ್ಲಿ, ಸ್ವೀಡನ್ನಿನಿಂದ ಬಂದು ಅಮೆರಿಕದ ಅಯೋವ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಯೋಹಾನ್ ಹುಲ್ಟಿನ್ ಎಂಬ ವಿದ್ಯಾರ್ಥಿಯು ೧೯೧೮ರ ವೈರಸ್ಸನ್ನು ಹುಡುಕಿಕೊಂಡು ಅಲಾಸ್ಕದ ಬ್ರೆವಿಗ್ ಮಿಷನ್ ಎಂಬ ಪುಟ್ಟ ಹಳ್ಳಿಗೆ ಹೋದನು. ೧೯೧೮ರ ನವೆಂಬರಿನಲ್ಲಿ ಆ ಹಳ್ಳಿಯ ಸುಮಾರು ಎಂಬತ್ತು ವಯಸ್ಕರಲ್ಲಿ ಎಪ್ಪತ್ತೆರಡು ಮಂದಿ ಕೆಲವೇ ದಿನಗಳಲ್ಲಿ ಸತ್ತು, ಹೆಪ್ಪುಗಟ್ಟಿದ ನೆಲದಲ್ಲಿ ಒಟ್ಟಾಗಿ ಹೂಳಲ್ಪಟ್ಟಿದ್ದರು. ಹುಲ್ಟಿನ್ ಹಳ್ಳಿಯ ಹಿರಿಯರ ಮುಂದೆ ತನ್ನ ಉದ್ದೇಶವನ್ನು ವಿವರಿಸಿ, ಅವರು ಅನುಮತಿ ಕೊಟ್ಟ ಮೇಲೆಯೇ ಸಮಾಧಿಯನ್ನು ಅಗೆದನು. ಆ ಸಲ ವೈರಸ್ಸು ದೊರೆಯಲಿಲ್ಲ. ನಲವತ್ತಾರು ವರ್ಷಗಳ ತರುವಾಯ, ೧೯೯೭ರಲ್ಲಿ, ಎಪ್ಪತ್ತು ದಾಟಿದ ಮುದುಕನಾಗಿ ಮತ್ತೆ ಅಲ್ಲಿಗೆ ಹೋಗಿ, ಮತ್ತೆ ಹಳ್ಳಿಯ ಪಂಚಾಯಿತಿಯ ಒಪ್ಪಿಗೆ ಪಡೆದು, ಅಗೆದು ತೆಗೆದ ಶ್ವಾಸಕೋಶವನ್ನು ಟಾಬೆನ್‌ಬರ್ಗರರಿಗೆ ಕಳುಹಿಸಿದನು. ೨೦೦೫ರ ಯಶಸ್ಸಿಗೆ ಅದು ಮುಖ್ಯ ಆಧಾರವಾಯಿತು.

ಈ ಹೋಲಿಕೆಯಿಂದ ಹೊರಡುವ ತೀರ್ಮಾನ ಸ್ಪಷ್ಟ. ಕೇಳುವುದು ೧೯೫೧ರಲ್ಲಿ ಅಸಾಧ್ಯವಾದ ಆಲೋಚನೆಯಾಗಿರಲಿಲ್ಲ. ಸತ್ತವರಿಗಾಗಿ ಅವರ ಊರಿನವರನ್ನು ಕೇಳಿದ ವಿದ್ಯಾರ್ಥಿಯೊಬ್ಬನಿದ್ದ ವರ್ಷದಲ್ಲಿಯೇ, ಬದುಕಿದ್ದು ಎದುರಿಗೇ ಮಲಗಿದ್ದ ರೋಗಿಯನ್ನು ಹೆಸರಾಂತ ಆಸ್ಪತ್ರೆಯೊಂದು ಕೇಳಲಿಲ್ಲ. ಹುಲ್ಟಿನ್ನನಿಗೆ ಹಳ್ಳಿಯವರ ಸಹಕಾರವಿಲ್ಲದೆ ನೆಲ ಅಗೆಯುವುದು ಸಾಧ್ಯವಿರಲಿಲ್ಲವೆಂಬುದು ನಿಜ. ಆಸ್ಪತ್ರೆಗೆ ಯಾರ ಸಹಕಾರವೂ ಬೇಕಿರಲಿಲ್ಲ. ಹಾಗಾದರೆ ಕೇಳುವುದೂ ಬಿಡುವುದೂ ಕಾಲಧರ್ಮಕ್ಕಿಂತ ಹೆಚ್ಚಾಗಿ ಅಧಿಕಾರದ ಸಂಬಂಧವನ್ನು ಅವಲಂಬಿಸಿತ್ತೆಂದು ಹೇಳಬೇಕಾಗುತ್ತದೆ.

೫

ಹೀಲಾ ಕೋಶಗಳ ಕಥೆ ೧೯೫೧ಕ್ಕೆ ಮುಗಿಯಲಿಲ್ಲ. ಪತ್ರಿಕೆಗಳು ಬಹುಕಾಲ ಆಕೆಯನ್ನು 'ಹೆಲೆನ್ ಲೇನ್' ಎಂಬ ಸುಳ್ಳು ಹೆಸರಿನಿಂದ ಕರೆದವು. ನಿಜವಾದ ಹೆಸರು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾದುದು ೧೯೭೧ರಲ್ಲಿ. ಇದರ ನಡುವೆ, ೧೯೬೬ರಲ್ಲಿ, ಅನೇಕ ಪ್ರಯೋಗಶಾಲೆಗಳ ಬೇರೆ ಬೇರೆ ಕೋಶಸಂತತಿಗಳಲ್ಲಿ ಹೀಲಾ ಕೋಶಗಳು ಸೇರಿಕೊಂಡಿವೆಯೆಂದು ಸ್ಟ್ಯಾನ್ಲಿ ಗಾರ್ಟ್ಲರ್ ತೋರಿಸಿಕೊಟ್ಟಿದ್ದರು. ಯಾವುದು ಹೀಲಾ, ಯಾವುದು ಅಲ್ಲ ಎಂದು ಗುರುತಿಸಲು ಆಕೆಯ ರಕ್ತಸಂಬಂಧಿಗಳ ರಕ್ತ ಬೇಕಾಯಿತು. ೧೯೭೩ರಲ್ಲಿ ಸಂಶೋಧಕರು ಬಂದು ಪತಿಯಿಂದಲೂ ಮಕ್ಕಳಿಂದಲೂ ರಕ್ತವನ್ನು ತೆಗೆದುಕೊಂಡರು. ತಾಯಿಯ ಕೋಶಗಳು ಬದುಕಿವೆಯೆಂಬ ವಿಷಯ ಕುಟುಂಬಕ್ಕೆ ಆಗಷ್ಟೇ ತಿಳಿದಿತ್ತು. ತಮ್ಮ ರಕ್ತ ಯಾತಕ್ಕೆಂಬುದು ಅವರಿಗೆ ಅರ್ಥವಾಗಿರಲಿಲ್ಲ. ತಮಗೂ ಕ್ಯಾನ್ಸರ್ ಇದೆಯೇ ಎಂದು ಪರೀಕ್ಷಿಸುತ್ತಿದ್ದಾರೆಂದೇ ಅವರು ತಿಳಿದಿದ್ದರು. ೧೯೮೫ರಲ್ಲಿ ಪ್ರಕಟವಾದ ಪುಸ್ತಕವೊಂದರಲ್ಲಿ ಆಕೆಯ ವೈದ್ಯಕೀಯ ದಾಖಲೆಗಳ ಭಾಗಗಳು ಕುಟುಂಬದ ಅನುಮತಿಯಿಲ್ಲದೆಯೇ ಅಚ್ಚಾದವು. ೨೦೧೦ರಲ್ಲಿ ರೆಬೆಕ್ಕಾ ಸ್ಕ್ಲೂಟ್ ಅವರ ಗ್ರಂಥ ಬಂದ ಮೇಲೆ ಜಗತ್ತು ಈ ವೃತ್ತಾಂತವನ್ನು ವಿವರವಾಗಿ ತಿಳಿಯಿತು. ಆದರೂ ೨೦೧೩ರ ಮಾರ್ಚಿನಲ್ಲಿ ಯುರೋಪಿನ ವಿಜ್ಞಾನಿಗಳು ಹೀಲಾ ಕೋಶಗಳ ಸಮಗ್ರ ಜೀನೋಮನ್ನು ಕುಟುಂಬವನ್ನು ಕೇಳದೆ ಪ್ರಕಟಿಸಿದರು. ಆಕ್ಷೇಪಣೆ ಬಂದೊಡನೆ ಅದನ್ನು ಹಿಂತೆಗೆದುಕೊಂಡರು. ಅದೇ ಆಗಸ್ಟಿನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ಕುಟುಂಬದೊಡನೆ ಒಂದು ಒಪ್ಪಂದಕ್ಕೆ ಬಂದು, ಆ ಮಾಹಿತಿಯನ್ನು ಯಾರಿಗೆ ಕೊಡಬೇಕೆಂದು ನಿರ್ಧರಿಸುವ ಸಮಿತಿಯಲ್ಲಿ ಕುಟುಂಬದ ಇಬ್ಬರಿಗೆ ಸ್ಥಾನ ಕೊಟ್ಟಿತು. ೨೦೨೩ರಲ್ಲಿ ಥರ್ಮೋ ಫಿಶರ್ ಎಂಬ ವಾಣಿಜ್ಯ ಸಂಸ್ಥೆಯು ಆಕೆಯ ವಾರಸುದಾರರೊಡನೆ ರಾಜಿ ಮಾಡಿಕೊಂಡಿತು.

ಒಂದು ಚೂರು ಅಂಗಾಂಶದ ಚರಿತ್ರೆ ಎಪ್ಪತ್ತೆರಡು ವರ್ಷ ನಡೆದು ಮೂರು ತಲೆಮಾರುಗಳನ್ನು ಮುಟ್ಟಿತು. ಉಳಿಕೆಯು ತೆಗೆದವನ ಕೈಯಲ್ಲಿ ಬರಿಯ ವಸ್ತುವಾಗಿರಬಹುದು. ಅದರೊಳಗೆ ಬರೆದಿರುವುದು ಒಂದು ವಂಶದ ವೃತ್ತಾಂತ.

೬

ಈ ಪ್ರಶ್ನೆಯು ನ್ಯಾಯಾಲಯದ ಮುಂದೆ ನೇರವಾಗಿ ಬಂದುದು ಜಾನ್ ಮೂರ್ ಎಂಬಾತನ ದಾವೆಯಲ್ಲಿ. ೧೯೭೬ರಲ್ಲಿ ಆತನಿಗೆ ಒಂದು ವಿರಳವಾದ ರಕ್ತದ ಕ್ಯಾನ್ಸರ್ ಇರುವುದು ಕಂಡುಬಂತು. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಆಸ್ಪತ್ರೆಯಲ್ಲಿ ಆತನ ಗುಲ್ಮವನ್ನು ತೆಗೆದರು. ಆ ಶಸ್ತ್ರಕ್ರಿಯೆ ಚಿಕಿತ್ಸೆಗೆ ಅಗತ್ಯವಾಗಿತ್ತೆಂಬುದರಲ್ಲಿ ವಿವಾದವಿರಲಿಲ್ಲ. ಆದರೆ ಮುಂದಿನ ಏಳು ವರ್ಷಗಳ ಕಾಲ ವೈದ್ಯನು ಆತನನ್ನು ಸಿಯಾಟಲ್ ನಗರದಿಂದ ಮತ್ತೆ ಮತ್ತೆ ಕರೆಸಿಕೊಂಡು ರಕ್ತ, ಅಸ್ಥಿಮಜ್ಜೆ ಮೊದಲಾದುವನ್ನು ತೆಗೆದುಕೊಂಡನು. ಆ ವೇಳೆಗೆ ಮೂರನ ಕೋಶಗಳಿಂದ ಒಂದು ಕೋಶಸಂತತಿಯನ್ನು ಸಿದ್ಧಪಡಿಸಲಾಗಿತ್ತು; ೧೯೮೪ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಮೂರ್ ದಾವೆ ಹೂಡಿದನು.

೧೯೯೦ರಲ್ಲಿ ಕ್ಯಾಲಿಫೋರ್ನಿಯದ ಸರ್ವೋನ್ನತ ನ್ಯಾಯಾಲಯವು ತೀರ್ಪಿತ್ತಿತು. ದೇಹದಿಂದ ಬೇರ್ಪಟ್ಟ ಕೋಶಗಳ ಮೇಲೆ ಮೂರನಿಗೆ ಸ್ವಾಮ್ಯದ ಹಕ್ಕಿಲ್ಲ; ಅಂತಹ ಹಕ್ಕನ್ನು ಒಪ್ಪಿದರೆ ಸಂಶೋಧನೆಗೆ ಅಡ್ಡಿಯಾದೀತು. ಆದರೆ ವೈದ್ಯನು ತನ್ನ ಸಂಶೋಧನೆಯ ಮತ್ತು ಹಣದ ಹಿತಾಸಕ್ತಿಯನ್ನು ರೋಗಿಗೆ ತಿಳಿಸಬೇಕಾಗಿತ್ತು. ತಿಳಿಸದಿದ್ದುದು ವಿಶ್ವಾಸಕ್ಕೆ ದ್ರೋಹವಾಗುವುದರಿಂದ ಆ ಆಧಾರದ ಮೇಲೆ ದಾವೆ ಮುಂದುವರಿಯಬಹುದು. ತೀರ್ಪಿನ ಮೊದಲ ಭಾಗವನ್ನು ಕುರಿತು ಇಂದಿಗೂ ಚರ್ಚೆ ನಡೆದಿದೆ: ರೋಗಿಗೆ ಇಲ್ಲದ ಸ್ವಾಮ್ಯವು ಪೇಟೆಂಟ್ ಪಡೆದವರಿಗೆ ಹೇಗೆ ಬಂತೆಂಬುದು ಅನೇಕರ ಪ್ರಶ್ನೆ. ಎರಡನೆಯ ಭಾಗವಾದರೋ ನಮ್ಮ ವಿವೇಚನೆಗೆ ಹೆಚ್ಚು ಸಹಾಯಕವಾಗಿದೆ. ಗುಲ್ಮವು ನಿಜವಾದ ಉಳಿಕೆಯಾಗಿತ್ತು. ಏಳು ವರ್ಷ ತೆಗೆದ ರಕ್ತ ಉಳಿಕೆಯಾಗಿರಲಿಲ್ಲ. ಇವೆರಡರ ನಡುವಣ ಗೆರೆಯನ್ನು ಅಳಿಸಿದ್ದು ವೈದ್ಯನ ಮೌನ.

ಅರಿಜೋನದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯಲ್ಲಿ ವಾಸಿಸುವ ಹವಸುಪಾಯಿ ಬುಡಕಟ್ಟಿನವರ ಪ್ರಕರಣ ಮತ್ತೊಂದು ಬಗೆಯದು. ಅವರಲ್ಲಿ ಮಧುಮೇಹ ಬಹಳವಾಗಿತ್ತು. ಅದರ ಕಾರಣವನ್ನು ತಿಳಿಯುವುದಕ್ಕೆಂದು ೧೯೯೦ರಿಂದ ಅರಿಜೋನ ಸ್ಟೇಟ್ ವಿಶ್ವವಿದ್ಯಾನಿಲಯದ ಸಂಶೋಧಕರು ಅವರಿಂದ ರಕ್ತವನ್ನು ಸಂಗ್ರಹಿಸಿದರು. ಉಳಿದ ರಕ್ತವು ಮನೋರೋಗದ ಅಧ್ಯಯನಕ್ಕೂ, ಒಳಬಾಂಧವ್ಯದ ವಿವಾಹಗಳ ಅಧ್ಯಯನಕ್ಕೂ, ಅವರ ಪೂರ್ವಜರು ಏಷ್ಯಾಖಂಡದಿಂದ ವಲಸೆ ಬಂದರೆಂಬ ವಾದಕ್ಕೂ ಬಳಕೆಯಾಯಿತು. ತಾವು ಆ ಕಣಿವೆಯಲ್ಲಿಯೇ ಹುಟ್ಟಿದವರೆಂಬುದು ಆ ಜನರ ಶ್ರದ್ಧೆ. ಸಮ್ಮತಿಪತ್ರದಲ್ಲಿ ಉದ್ದೇಶವನ್ನು ವಿಶಾಲವಾದ ಮಾತುಗಳಲ್ಲಿ ಬರೆಯಲಾಗಿತ್ತು. ಆದರೆ ಸಹಿ ಹಾಕಿದವರು ಕೇಳಿ ತಿಳಿದಿದ್ದುದು ಮಧುಮೇಹವೊಂದನ್ನೇ. ೨೦೧೦ರಲ್ಲಿ ವಿಶ್ವವಿದ್ಯಾನಿಲಯವು ಏಳು ಲಕ್ಷ ಡಾಲರುಗಳನ್ನು ಕೊಟ್ಟು, ಉಳಿದ ರಕ್ತವನ್ನೂ ಹಿಂದಿರುಗಿಸಿ ರಾಜಿ ಮಾಡಿಕೊಂಡಿತು. ಇಲ್ಲಿ ಯಾರ ದೇಹಕ್ಕೂ ನೋವಾಗಲಿಲ್ಲ, ಒಂದು ಹನಿಯೂ ಹೆಚ್ಚಾಗಿ ತೆಗೆಯಲಿಲ್ಲ. ಆದರೂ ಅನ್ಯಾಯವಾಯಿತೆಂದು ಅವರಿಗೆ ಅನ್ನಿಸಿತು. ಅದು ಕಾರಣವಿಲ್ಲದ ಅನಿಸಿಕೆಯಲ್ಲ.

ಇಂಗ್ಲೆಂಡಿನಲ್ಲಿ ಸಮಸ್ಯೆ ಸತ್ತವರ ಮೂಲಕ ಬಂತು. ಲಿವರ್‌ಪೂಲಿನ ಆಲ್ಡರ್ ಹೇ ಮಕ್ಕಳ ಆಸ್ಪತ್ರೆಯಲ್ಲಿ, ಶವಪರೀಕ್ಷೆಗೊಳಗಾದ ಮಕ್ಕಳ ಅಂಗಗಳನ್ನು ತಂದೆತಾಯಿಗಳಿಗೆ ತಿಳಿಸದೆ ಇರಿಸಿಕೊಂಡಿದ್ದುದು ೧೯೯೯ರಲ್ಲಿ ಬಯಲಾಯಿತು. ಮಗುವನ್ನು ಹೂಳಿದೆವೆಂದು ತಿಳಿದಿದ್ದ ಕೆಲವರು, ಅಂಗಗಳು ಹಿಂದಿರುಗಿ ಬಂದಾಗ ಮತ್ತೊಮ್ಮೆ ಹೂಳಬೇಕಾಯಿತು. ೨೦೦೧ರ ವಿಚಾರಣಾ ವರದಿಯ ಫಲವಾಗಿ ೨೦೦೪ರಲ್ಲಿ ಮಾನವ ಅಂಗಾಂಶ ಅಧಿನಿಯಮವು ಅಂಗೀಕೃತವಾಗಿ, ಸಮ್ಮತಿಯೇ ಮೂಲತತ್ತ್ವವೆಂದು ಸಾರಿತು.

೭

ಈ ಅನುಭವಗಳಿಂದ ಹುಟ್ಟಿದ ನಿಯಮಗಳು ಒಂದೇ ದಿಕ್ಕಿನಲ್ಲಿ ಸಾಗಿಲ್ಲ. ಮೇಲೆ ಹೇಳಿದ ಇಂಗ್ಲೆಂಡಿನ ಅಧಿನಿಯಮವೂ ಬದುಕಿರುವ ರೋಗಿಯ ಉಳಿಕೆಯನ್ನು, ಸಂಶೋಧಕನಿಗೆ ಆತನ ಗುರುತು ತಿಳಿಯದಂತಿದ್ದು ನೀತಿಸಮಿತಿಯ ಒಪ್ಪಿಗೆಯಿದ್ದರೆ, ಸಮ್ಮತಿಯಿಲ್ಲದೆಯೂ ಬಳಸಲು ಅವಕಾಶ ಕೊಟ್ಟಿದೆ. ಅಮೆರಿಕದಲ್ಲಿ, ಹೆಸರು ತೆಗೆದ ಅಂಗಾಂಶಕ್ಕೂ ಸಮ್ಮತಿ ಬೇಕೆಂಬ ಸಲಹೆಯನ್ನು ೨೦೧೫ರಲ್ಲಿ ಸರ್ಕಾರ ಮುಂದಿಟ್ಟಿತು. ಸಂಶೋಧಕರ ವಿರೋಧದಿಂದಾಗಿ ೨೦೧೭ರ ಅಂತಿಮ ನಿಯಮದಲ್ಲಿ ಅದನ್ನು ಕೈಬಿಟ್ಟಿತು. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ೧೯೮೦ರಲ್ಲಿ ಮೊದಲ ನೀತಿಪ್ರಕಟಣೆಯನ್ನೂ, ೨೦೦೦, ೨೦೦೬ ಮತ್ತು ೨೦೧೭ರಲ್ಲಿ ಮಾರ್ಗದರ್ಶಿ ಸೂತ್ರಗಳನ್ನೂ ಹೊರಡಿಸಿತು. ಗುರುತು ಅಳಿಸಿದ ಉಳಿಕೆಗಳ ವಿಷಯದಲ್ಲಿ ಸಮ್ಮತಿಯಿಂದ ವಿನಾಯಿತಿ ಕೊಡುವ ಅಧಿಕಾರವನ್ನು ೨೦೧೭ರ ಸೂತ್ರಗಳು ನೀತಿಸಮಿತಿಗೆ ಕೊಟ್ಟಿವೆ. ಲಾಭದ ಹಂಚಿಕೆಯ ಪ್ರಶ್ನೆಯನ್ನೂ ಎತ್ತಿವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ೧೯೯೫ರಿಂದ ಇರುವ ಮೆದುಳಿನ ಅಂಗಾಂಶ ಭಂಡಾರವು, ಮೃತರ ಬಂಧುಗಳನ್ನು ಕೇಳಿ ದಾನವಾಗಿ ಪಡೆದು ಸಂಗ್ರಹಿಸುವುದೂ ಸಾಧ್ಯವೆಂಬುದಕ್ಕೆ ನಮ್ಮ ನಾಡಿನ ನಿದರ್ಶನ.

ಈ ನಿಯಮಗಳೆಲ್ಲ ಬಹುಮಟ್ಟಿಗೆ ಒಂದು ನಂಬಿಕೆಯ ಮೇಲೆ ನಿಂತಿವೆ: ಹೆಸರನ್ನು ಅಳಿಸಿದರೆ ವ್ಯಕ್ತಿಯೂ ಅಳಿಸಿಹೋಗುತ್ತಾನೆ ಎಂಬುದು. ೨೦೧೩ರ ಜನವರಿಯಲ್ಲಿ ಪ್ರಕಟವಾದ ಒಂದು ಸಂಶೋಧನೆಯು, ಹೆಸರಿಲ್ಲದ ಜೀನೋಮುಗಳಿಂದಲೂ, ಸಾರ್ವಜನಿಕವಾಗಿ ದೊರೆಯುವ ವಂಶಾವಳಿಗಳ ನೆರವಿನಿಂದ, ಕೆಲವರ ಮನೆತನದ ಹೆಸರನ್ನು ಕಂಡುಹಿಡಿಯಬಹುದೆಂದು ತೋರಿಸಿತು. ಆ ನಂಬಿಕೆಯ ತಳಹದಿ ಅಂದಿನಿಂದ ಅಲುಗಾಡಿದೆ. ಅದು ಗಟ್ಟಿಯಾಗಿದ್ದರೂ ಹವಸುಪಾಯಿ ಜನರ ಆಕ್ಷೇಪಣೆಗೆ ಉತ್ತರವಾಗುತ್ತಿರಲಿಲ್ಲ. ಅವರ ದೂರು ತಮ್ಮ ಹೆಸರು ಹೊರಬಿತ್ತೆಂಬುದಲ್ಲ. ತಾವು ಕೊಟ್ಟುದು ಒಂದಕ್ಕೆ, ಬಳಸಿದುದು ಮತ್ತೊಂದಕ್ಕೆ ಎಂಬುದು.

೮

ಈವರೆಗಿನ ವಿವೇಚನೆಯ ಸಾರವನ್ನು ಹೀಗೆ ಸಂಗ್ರಹಿಸಬಹುದು. 'ಉಳಿಕೆ' ಎಂಬ ಒಂದೇ ಮಾತು ಮೂರು ಬೇರೆ ಬೇರೆ ಸಂದರ್ಭಗಳನ್ನು ಮುಚ್ಚಿಹಾಕುತ್ತದೆ. ಚಿಕಿತ್ಸೆಗಾಗಿಯೇ ತೆಗೆದು ನಿಜವಾಗಿ ಉಳಿದುದು ಒಂದು. ಚಿಕಿತ್ಸೆಯ ಹೆಸರಿನಲ್ಲಿ ಹೆಚ್ಚಾಗಿ ತೆಗೆದುದು ಎರಡನೆಯದು. ಒಂದು ಉದ್ದೇಶಕ್ಕೆ ಕೊಟ್ಟುದರಲ್ಲಿ ಉಳಿದು ಮತ್ತೊಂದಕ್ಕೆ ಬಳಕೆಯಾದುದು ಮೂರನೆಯದು. ಮೊದಲನೆಯದರಲ್ಲಿ, ಮೂಲ ವ್ಯಕ್ತಿಯನ್ನು ಕೇಳುವುದು ಅಸಾಧ್ಯವಾಗಿ, ಲೋಕಕ್ಕೆ ಪ್ರಯೋಜನ ದೊಡ್ಡದಾಗಿದ್ದಲ್ಲಿ, ಒಂದು ಸಮಿತಿಯ ವಿವೇಕಕ್ಕೆ ಬಿಡುವುದು ಸಮಂಜಸವೆಂದು ನಮ್ಮ ಅಭಿಪ್ರಾಯ. ೧೯೧೮ರ ಸೈನಿಕನ ಶ್ವಾಸಕೋಶ ಈ ಬಗೆಯದು. ಎರಡನೆಯದಕ್ಕೆ ಸಮ್ಮತಿಯಿಲ್ಲದೆ ಸಮರ್ಥನೆಯಿಲ್ಲ. ಮೂರನೆಯದರಲ್ಲಿ ಕೊಟ್ಟವರು ಬದುಕಿದ್ದು ಕೈಗೆಟಕುವಂತಿದ್ದರೆ ಮತ್ತೊಮ್ಮೆ ಹೋಗಿ ಕೇಳುವ ಶ್ರಮವನ್ನು ಸಂಶೋಧಕನು ವಹಿಸಲೇಬೇಕು. ಎಪ್ಪತ್ತು ದಾಟಿದ ಮೇಲೂ ಹುಲ್ಟಿನ್ ಆ ಶ್ರಮವನ್ನು ವಹಿಸಿದನು. ಆತನ ಸಂಶೋಧನೆ ಅದರಿಂದ ಕೆಡಲಿಲ್ಲ.

ಕಡೆಯದಾಗಿ ನಮ್ಮದೇ ಶಾಸ್ತ್ರಕ್ಕೆ ಸಂಬಂಧಿಸಿದ ಒಂದು ಮಾತು. ಇತಿಹಾಸಕಾರನೂ ಉಳಿಕೆಗಳನ್ನೇ ನೆಚ್ಚಿ ಕೆಲಸ ಮಾಡುವವನು. ಕಂದಾಯದ ಲೆಕ್ಕ, ನ್ಯಾಯಾಲಯದ ಹೇಳಿಕೆ, ಯಾರೋ ಯಾರಿಗೋ ಬರೆದ ಕಾಗದ, ಇವು ಯಾವುವೂ ನಮಗಾಗಿ ಬರೆದವಲ್ಲ. ಬರೆದವರನ್ನು ನಾವು ಕೇಳಿಯೂ ಇಲ್ಲ. ಹೆನ್ರಿಯೆಟ್ಟಳ ವೈದ್ಯಕೀಯ ದಾಖಲೆಗಳನ್ನು ಕೇಳದೆ ಅಚ್ಚುಹಾಕಿದುದು ವೈದ್ಯನ ಕತ್ತರಿಯಲ್ಲ, ಬರಹಗಾರನ ಲೇಖನಿ. ಆದ್ದರಿಂದ ವೈದ್ಯರ ತಪ್ಪನ್ನು ಎಣಿಸುವಾಗ ನಮ್ಮ ಕೈಯನ್ನೂ ನೋಡಿಕೊಳ್ಳುವುದು ಒಳ್ಳೆಯದು. ಈ ವಿಷಯದಲ್ಲಿ ಮುಂದೆ ಅಧ್ಯಯನ ನಡೆಸಬಯಸುವ ವಿದ್ಯಾರ್ಥಿಗಳಿಗೆ ಒಂದು ಸೂಚನೆಯುಂಟು: ಆಸ್ಪತ್ರೆಗಳಲ್ಲಿ ರೋಗಿಗಳು ಓದದೆ ಸಹಿ ಹಾಕುವ ಸಮ್ಮತಿಪತ್ರಗಳನ್ನು ಐತಿಹಾಸಿಕ ದಾಖಲೆಗಳೆಂದು ಭಾವಿಸಿ ಸಂಗ್ರಹಿಸಿ ಓದಬೇಕು. ಅವು ಯಾವ ಭಾಷೆಯಲ್ಲಿದ್ದವು, ಎಷ್ಟು ಉದ್ದವಾಗಿದ್ದವು, 'ಸಂಶೋಧನೆ' ಎಂಬ ಮಾತು ಅವುಗಳಲ್ಲಿ ಯಾವ ವರ್ಷ ಮೊದಲು ಕಾಣಿಸಿಕೊಂಡಿತು, ಬೇಡವೆನ್ನುವುದಕ್ಕೆ ಒಂದು ಗೆರೆಯಷ್ಟು ಸ್ಥಳವನ್ನಾದರೂ ಬಿಟ್ಟಿದ್ದರೇ ಎಂಬುದನ್ನು ಗುರುತಿಸಿದರೆ, ವೈದ್ಯನಿಗೂ ರೋಗಿಗೂ ಇದ್ದ ಸಂಬಂಧದ ಚರಿತ್ರೆಯನ್ನು ನಮ್ಮ ನಾಡಿನ ಮಟ್ಟಿಗೂ ಬರೆಯಲು ಆಧಾರ ದೊರೆತೀತು.